ಅರಕಲಗೂಡಿನ ಲೈನಿನಲ್ಲಿ ಬಂದ ಹೆಸರು

ನನ್ನ ಅಪ್ಪ ಹೊಳೆನರಸೀಪುರದಲ್ಲಿ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರಾಗಿದ್ದರು. ನಮ್ಮ ಬೀದಿಯಲ್ಲಿ ಯಾರಿಗಾದರೂ ಮೈಮೇಲೆ ಬಂತೆಂದರೆ ಅವರು ಥರ್ಮಾಮೀಟರ್ ಹಿಡಿದುಕೊಂಡು ಹೋಗುತ್ತಿದ್ದರು. ನಾನು ಅವರಿಗೆ ತಕ್ಕ ಮಗ. ದೆವ್ವದ ಕಥೆಯನ್ನು ಯಾರು ಶುರು ಮಾಡಿದರೂ ಕೊನೆಯವರೆಗೆ ಕೇಳುವ ತಾಳ್ಮೆ ನನಗಿರಲಿಲ್ಲ. ನಡುವೆಯೇ, ಆಗ ಕರೆಂಟ್ ಇತ್ತೇ, ನೀವು ಊಟ ಮಾಡಿದ್ದಿರೇ, ಎಷ್ಟು ಹೊತ್ತಾಗಿತ್ತು ಎಂದು ಕೇಳಿ ಅವರ ಉತ್ಸಾಹ ಕೆಡಿಸುತ್ತಿದ್ದೆ.

ಈಗ ನನ್ನದೇ ಒಂದು ಕಥೆ ಇದೆ. ನೀವೂ ಅದೇ ಪ್ರಶ್ನೆಗಳನ್ನು ಕೇಳಿ. ಊಟ ಮಾಡಿದ್ದೆ. ಕರೆಂಟ್ ಹಾಸನದಲ್ಲಿ ಇತ್ತು, ಅರಕಲಗೂಡಿನಲ್ಲಿ ಇರಲಿಲ್ಲ. ಇಂಥ ಕಥೆಗೆ ರಾತ್ರಿ ಬೇಕು ಎನ್ನುತ್ತಾರೆ. ನನ್ನದು ನಡೆದದ್ದು ಮಧ್ಯಾಹ್ನ ಮೂರರ ಸುಮಾರಿಗೆ, ಕಿಟಕಿಯಲ್ಲಿ ಕಣ್ಣು ಕುಕ್ಕುವ ಬಿಸಿಲಿತ್ತು.

ಇನ್ನೊಂದು ಮಾತು ಮೊದಲೇ ಹೇಳಬೇಕು. ಇದನ್ನು ನಾನು ತುಂಬಾ ಜನರ ಮುಂದೆ ಹೇಳಿದ್ದೇನೆ. ಹೇಳಿ ಹೇಳಿ ಕಥೆ ನುಣುಪಾಗಿದೆ. ಆ ನುಣುಪಿನ ಮೇಲೆ ನನಗೆ ನಂಬಿಕೆಯಿಲ್ಲ. ಆದ್ದರಿಂದ ಎಲ್ಲಿ ನನಗೆ ಗೊತ್ತಿಲ್ಲವೋ ಅಲ್ಲಿ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಹಾಸನದಲ್ಲಿ ಇಂಟರ್‌ನೆಟ್ ಹಂಚುವ ಒಂದು ಸಣ್ಣ ಕಂಪನಿಯಲ್ಲಿ ನಾನು ಕೆಲಸಕ್ಕಿದ್ದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ಮೂರೂ ಊರಿನಲ್ಲಿ ನಮ್ಮದೊಂದೊಂದು ಬಾಡಿಗೆ ಕೋಣೆ, ಕೋಣೆಗೊಂದು ಲಿನಕ್ಸ್ ಸರ್ವರ್. ಆ ಕೋಣೆಗಳಲ್ಲಿ ಮನುಷ್ಯರಿರುತ್ತಿರಲಿಲ್ಲ. ಸರ್ವರ್ ಕೆಟ್ಟು ಕೂತರೆ ನಾನು ಹಾಸನದಿಂದ ಫೋನ್ ಲೈನಿನಲ್ಲಿ ಅಲ್ಲಿನ ಮೋಡೆಮ್‌ಗೆ ಡಯಲ್ ಮಾಡುತ್ತಿದ್ದೆ. ಸರ್ವರ್‌ನ ಬೆನ್ನಿಗಿರುವ ಸೀರಿಯಲ್ ಪೋರ್ಟಿನಿಂದ ಒಂದು ಕೇಬಲ್ ಆ ಮೋಡೆಮ್‌ಗೆ ಬಂದಿರುತ್ತಿತ್ತು. ಅಲ್ಲಿನ ಕೀಬೋರ್ಡಿನಲ್ಲಿ ಯಾರಾದರೂ ಒತ್ತಿದ ಅಕ್ಷರ ಇಲ್ಲಿ ನನ್ನ ಪರದೆಯ ಮೇಲೆ ಮೂಡುತ್ತಿತ್ತು. ಅದೇ ಮೋಡೆಮ್‌ಗೆ ಒಂದು ರಿಲೇ ಪೆಟ್ಟಿಗೆಯೂ ಸೇರಿತ್ತು. ಅದರಲ್ಲಿ ನಾಲ್ಕು ರಿಲೇಗಳು, ಅಂದರೆ ದೂರದಿಂದ ಒತ್ತಬಹುದಾದ ನಾಲ್ಕು ಸ್ವಿಚ್ಚುಗಳು. ಒಂದು ಸರ್ವರ್‌ಗೆ, ಎರಡು, ಮನೆಮನೆಗೆ ನೆಟ್ ಕಳಿಸುವ ರೇಡಿಯೋಗೆ, ಮೂರು ಫ್ಯಾನಿಗೆ, ನಾಲ್ಕು ಡೀಸೆಲ್ ಜನರೇಟರ್‌ಗೆ. "ಆನ್ ನಾಲ್ಕು" ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಮೂವತ್ತು ಕಿಲೋಮೀಟರ್ ಆಚೆ ಒಂದು ಎಂಜಿನ್ ಗುಡುಗುತ್ತಿತ್ತು. ಇಪ್ಪತ್ತಾರು ವರ್ಷದವನಿಗೆ ಅದು ಸಣ್ಣ ಅಧಿಕಾರವಲ್ಲ.

ಊರೂರಿಗೆ ಹೋಗಿ ಕೈಯಿಂದ ಕೆಲಸ ಮಾಡುತ್ತಿದ್ದವನು ಲೋಕೇಶ. ಅರಕಲಗೂಡಿನ ಹತ್ತಿರದ ಹಳ್ಳಿಯವನು, ಹೊಗೆಸೊಪ್ಪು ಬೆಳೆಯುವ ಮನೆತನ, ವೈರಿಂಗ್ ಕಲಿತವನು. ನನಗಿಂತ ದೊಡ್ಡವನು, ಆದರೂ ನನ್ನನ್ನು 'ಸಾ' ಎನ್ನುತ್ತಿದ್ದ. ಗೇಲಿ ಮಾಡುವಾಗ ಮಾತ್ರ ಅಯ್ನೋರೆ ಎನ್ನುತ್ತಿದ್ದ. "ನೀವು ಮಂತ್ರ ಏಳಿ ಅಯ್ನೋರೆ, ಕರೆಂಟ್ ಒಡ್ಸಿಕೊಳ್ಳಕೆ ನಾವಿದ್ದೀವಿ."

ಕರೆಂಟ್ ಹೊಡೆಯಬಾರದೆಂದೇ ನಾವಿಬ್ಬರೂ ಸೇರಿ ಒಂದು ರೂಢಿ ಮಾಡಿಕೊಂಡಿದ್ದೆವು. ಅದಕ್ಕೆ 'ಹೆಸರು ಹಾಕುವುದು' ಎನ್ನುತ್ತಿದ್ದೆವು. ಅವನು ಒಂದು ಊರಿಗೆ ಹೋಗುವ ದಿನ ನಾನು ಬೆಳಿಗ್ಗೆಯೇ ಅಲ್ಲಿಗೆ ಡಯಲ್ ಮಾಡಿ ಲೈನ್ ಹಿಡಿದಿಟ್ಟುಕೊಳ್ಳಬೇಕು. ಅವನು ಕೋಣೆಗೆ ಹೋದ ಕೂಡಲೇ ಕೀಬೋರ್ಡಿನಲ್ಲಿ ತನ್ನ ಹೆಸರು ಒತ್ತಬೇಕು. ಆಮೇಲೆ ಸರ್ವರ್‌ನ ಸ್ವಿಚ್ ಆರಿಸಿ ಕೆಲಸಕ್ಕೆ ಕೈಹಾಕಬೇಕು. ಹೆಸರು ನನ್ನ ಪರದೆಯ ಕೊನೆಯ ಸಾಲಾಗಿ ಇರುವಷ್ಟು ಹೊತ್ತು ನಾನು ಒಂದು ರಿಲೇಯನ್ನೂ ಮುಟ್ಟುವಂತಿಲ್ಲ. ಬಂದದ್ದೆಲ್ಲ ಹಾಳೆಗೂ ಇಳಿಯಲಿ ಎಂದು ಒಂದು ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು ಪಕ್ಕದಲ್ಲಿಟ್ಟಿದ್ದೆ.

ಲೋಕೇಶ ಹೆಸರು ಹಾಕುವುದನ್ನು ನೋಡದೆಯೂ ಗುರುತಿಸಬಹುದಿತ್ತು. ಬಲಗೈಯ ಒಂದೇ ಬೆರಳು. ಒಂದು ಅಕ್ಷರ ಒತ್ತಿ, ಉಸಿರು ಬಿಟ್ಟು, ಮುಂದಿನದನ್ನು ಹುಡುಕುತ್ತಿದ್ದ. ಎರಡನೆಯ ಅಕ್ಷರದ ನಂತರ ಒಂದು ದೊಡ್ಡ ಬಿಡುವು. ಆಮೇಲಿನವು ಎರಡೆರಡು ಕ್ಷಣಕ್ಕೊಂದರಂತೆ, ಬಾವಿಯಿಂದ ಕೊಡ ಎಳೆದ ಹಾಗೆ ಬರುತ್ತಿದ್ದವು.

ಈಗ ನಮ್ಮ ಜಗಳದ ವಿಷಯ. ಒಂದು ಸೋಮವಾರ ಅವನು ಚನ್ನರಾಯಪಟ್ಟಣದ ಕೋಣೆಯಲ್ಲಿ ಹೆಸರು ಹಾಕಿ ಕೆಲಸ ಮಾಡುತ್ತಿದ್ದ. ನಾನು ಯಾರೊಂದಿಗೋ ಫೋನಿನಲ್ಲಿ ಹರಟುತ್ತಾ ಪರದೆ ನೋಡದೆ ರಿಲೇ ಹಾಕಿದೆ. ಅವನ ಕೈ ವೈರಿನ ಮೇಲಿತ್ತು. ಸ್ಟೂಲಿನಿಂದ ಹಾರಿ ಬಿದ್ದು ಅವನ ತುಟಿ ಸೀಳಿತು. ಅಲ್ಲಿಂದ ಬಸ್ ಹತ್ತಿದವನು ಸಂಜೆ ಹಾಸನದ ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಬಂದ. ನಾನು ಕಾಫಿ ಕುಡಿಯುತ್ತಿದ್ದೆ. ಅಂಗಿಯ ಮೇಲೆ ರಕ್ತ ಒಣಗಿತ್ತು. ಬಲಗೈಯಿಂದ ನನ್ನ ಕೆನ್ನೆಗೆ ಬಿಟ್ಟ. ಲೋಟ ಹಾರಿತು. ಇನ್ನೊಂದು ಬಿಟ್ಟ. "ನನ್ನೆಂಡ್ತಿ ತಾಳಿ ನಿನ್ ಕಂಪ್ಯೂಟ್ರು ಒಳಗೈತೇನ್ಲಾ? ಬೇಕಾದಾಗ ಆಕಿ ಬೇಕಾದಾಗ ತೆಗಿಯಕೆ?" ಎಂದ. ಮೊದಲ ಸಲ ನನ್ನನ್ನು 'ಲಾ' ಎಂದಿದ್ದ. ಹೋಟೆಲಿನ ಜನ ಎದ್ದು ನಿಂತು ನೋಡುತ್ತಿದ್ದರು. ಮೂಗಿನಿಂದ ಇಳಿದ ರಕ್ತ ಟೇಬಲ್ಲಿನ ಮೇಲಿನ ಸಕ್ಕರೆಗೆ ಬಿತ್ತು.

ತಪ್ಪು ನನ್ನದೇ. ಆದರೆ ಆ ನಾಲ್ಕು ದಿನ ನಾನು ಯೋಚಿಸಿದ್ದು ತಪ್ಪಿನ ಬಗ್ಗೆಯಲ್ಲ. ಆ ಕೈಯ ಬಗ್ಗೆ. ಅದು ಮುರಿಯಬೇಕು, ಜಜ್ಜಿಹೋಗಬೇಕು, ಹೊಡೆಯಲು ಮತ್ತೆಂದೂ ಏಳಬಾರದು ಎಂದು ಹಲ್ಲುಜ್ಜುವಾಗಲೂ ಬಯಸಿದೆ. ಎಷ್ಟು ಸ್ಪಷ್ಟವಾಗಿ ಬಯಸಿದೆನೆಂದರೆ ಅದರ ಸದ್ದು ಕೂಡ ಕೇಳಿಸುತ್ತಿತ್ತು. ಇದನ್ನು ಬರೆಯದೆ ಮುಂದಿನದನ್ನು ಬರೆದರೆ ಮೋಸ.

ಶುಕ್ರವಾರ ಅವನು ಅರಕಲಗೂಡಿಗೆ ಹೋಗುವುದಿತ್ತು, ಜನರೇಟರ್‌ನ ಬೆಲ್ಟ್ ಬದಲಿಸಲು. ನನಗೆ ಗೊತ್ತಿತ್ತು. ಬೆಳಿಗ್ಗೆ ಡಯಲ್ ಮಾಡಿ ಲೈನ್ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಸಿಟ್ಟಿನಿಂದ, ಇರಲಿ ಬಿಡು ಎಂದು ಕೂತೆ. ಮಧ್ಯಾಹ್ನದ ಹೊತ್ತಿಗೆ ಅರಕಲಗೂಡಿನ ಗಿರಾಕಿಗಳಿಂದ ನೆಟ್ ಇಲ್ಲ ಎಂದು ಒಂದೇ ಸಮ ಫೋನು. ಕಂಪನಿಯ ಯಜಮಾನರು ಒಳಗಿನಿಂದ, "ಏನ್ರೀ, ನಿದ್ದೆ ಮಾಡ್ತಿದ್ದೀರಾ?" ಎಂದು ಕೂಗಿದರು.

ಇಲ್ಲಿಂದ ಮುಂದಿನದು ನನಗೆ ನೆನಪಿರುವಂತೆ ಹೀಗೆ.

ಮೂರು ಗಂಟೆಯ ಸುಮಾರಿಗೆ ಡಯಲ್ ಮಾಡಿದೆ. ಮೋಡೆಮ್ ಕಿರುಚಿ ಲೈನ್ ಸಿಕ್ಕಿತು. ಮೋಡೆಮ್ಮಿಗೂ ರಿಲೇ ಪೆಟ್ಟಿಗೆಗೂ ಒಂದು ಚಿಕ್ಕ ಬ್ಯಾಟರಿ ಇದ್ದುದರಿಂದ ಅವು ಜೀವಂತವಾಗಿದ್ದವು. ಸರ್ವರ್ ಸತ್ತಿತ್ತು. ಎರಡು ಸಲ ಎಂಟರ್ ಒತ್ತಿದರೂ ಅದರಿಂದ ಉತ್ತರವಿಲ್ಲ. ಪರದೆಯ ಮೇಲೆ ಹೆಸರಿಲ್ಲ. ಇವನು ಇನ್ನೂ ಹೋಗಿಲ್ಲ, ಬೇಕೆಂದೇ ನನ್ನನ್ನು ಬೈಸುತ್ತಿದ್ದಾನೆ ಎಂದುಕೊಂಡೆ. "ಆನ್ ನಾಲ್ಕು" ಎಂದು ಟೈಪ್ ಮಾಡಿದೆ. ಎಂಟರ್ ಮೇಲೆ ಬೆರಳಿಟ್ಟೆ.

ಆಗ ಕೆಳಗಿನ ಸಾಲಿನಲ್ಲಿ ಒಂದು ಅಕ್ಷರ ಬಂತು. ಉಸಿರು ಬಿಡುವಷ್ಟು ಹೊತ್ತು. ಇನ್ನೊಂದು. ಆಮೇಲೆ ಆ ದೊಡ್ಡ ಬಿಡುವು. ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದೆ. ಮೂರನೆಯದು ಬಂತು. ಲೋಕೇಶ ಎಂಬುದು ಇಂಗ್ಲಿಷ್ ಅಕ್ಷರಗಳಲ್ಲಿ, ಅದೇ ಬೆರಳಿನ ಅದೇ ನಡಿಗೆಯಲ್ಲಿ ಪೂರ್ತಿಯಾಯಿತು. ಸ್ವಿಚ್ ಆರಿದ ಸರ್ವರ್‌ನ ಕೀಬೋರ್ಡಿನಿಂದ ಒಂದು ಚುಕ್ಕೆಯೂ ಬರಲಾರದು. ಲೈನಿನಲ್ಲಿ ಗಲೀಜು ಬರುವುದುಂಟು, ಆದರೆ ಅದು ಅರ್ಥವಿಲ್ಲದ ಗೀಚುಗಳಾಗಿ ಬರುತ್ತದೆ, ಮನುಷ್ಯನ ಹೆಸರಾಗಿ ಅಲ್ಲ.

ನಾನು ಬೆರಳು ತೆಗೆದೆ. ಎಂಟರ್ ಒತ್ತದೆ ತೆಗೆದೆ ಎಂದು ನನ್ನ ನೆನಪು.

ಫೋನ್ ಹೊಡೆದುಕೊಂಡಿತು. ಅರಕಲಗೂಡಿನಲ್ಲಿ ನಮ್ಮ ಕೋಣೆಯ ಕೆಳಗೆ ಗೊಬ್ಬರದ ಅಂಗಡಿ ಇಟ್ಟಿದ್ದ ಪುಟ್ಟಸ್ವಾಮಿ. "ಸಾ, ನಿಮ್ ಲೋಕೇಶನ ಕೈ ವೋಯ್ತು ಸಾ! ಇಂಜಿನ್ ತಾನೇ ಎದ್ಬುಡ್ತು! ಬೆಲ್ಟ್ ಒಳ್ಗೆ ಕೈ ಇತ್ತು, ಎಳ್ಕೊಂಬುಡ್ತು ಸಾ, ಗ್ವಾಡೆಗೆಲ್ಲಾ ರಕ್ತ, ಬೆರಳು ಒಂದ್ ಕಡೆ..."  ಯಾವಾಗ ಎಂದೆ. "ಆಗ್ಲೇ ಅರ್ದ ಗಂಟೆ ಆಯ್ತು. ಗೂಡ್ಸ್ ಆಟೋದಾಗೆ ಆಕ್ಕೊಂಡ್ ಓದ್ರು. ಇಷ್ಟೊತ್ಗೆ ಗೊರೂರು ದಾಟಿರ್ತಾರೆ. ಪ್ರಜ್ಞೆ ಇರ್ನಿಲ್ಲ."

ಅರ್ಧ ಗಂಟೆ. ಅಂದರೆ ಆ ಹೆಸರು ಒಂದೊಂದೇ ಅಕ್ಷರವಾಗಿ ನನ್ನ ಮುಂದೆ ಮೂಡುವಾಗ ಅದನ್ನು ಒತ್ತಬೇಕಾದ ಬೆರಳು ಜನರೇಟರ್‌ನ ತಗಡಿನ ಶೆಡ್ಡಿನಲ್ಲಿ ಆ ಮೊದಲೇ ಕಡಿದು ಬಿದ್ದಾಗಿತ್ತು.

ಹಾಸನದ ಆಸ್ಪತ್ರೆಯಲ್ಲಿ ಕೈಯನ್ನು ಮಣಿಕಟ್ಟಿನವರೆಗೆ ತೆಗೆದರು. ನಾನು ಹೋಗಿ ಕಾರಿಡಾರಿನ ತುದಿಯಲ್ಲಿ ನಿಂತಿದ್ದೆ. ಗೂಡ್ಸ್ ಆಟೋದವನು ಒಂದು ಗೊಬ್ಬರದ ಚೀಲ ಹಿಡಿದು, ಇದನ್ನು ಯಾರಿಗೆ ಕೊಡಲಿ ಎಂದು ಎಲ್ಲರನ್ನೂ ಕೇಳುತ್ತಿದ್ದ. ಯಾರೂ ತೆಗೆದುಕೊಳ್ಳಲಿಲ್ಲ. ನನ್ನನ್ನೂ ಕೇಳಿದ. ನಾನೂ ತೆಗೆದುಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಲೋಕೇಶನ ಅಣ್ಣ ನಂಜ, ಊರಿನ ನಾಲ್ಕೈದು ಜನರ ಜೊತೆ ಟೆಂಪೋದಲ್ಲಿ ನಮ್ಮ ಆಫೀಸಿಗೆ ಬಂದ. ಯಜಮಾನರು ಹಿಂಬಾಗಿಲಿನಿಂದ ಹೋಗಿಬಿಟ್ಟರು. ಕಬ್ಬಿಣದ ರಾಡುಗಳಿಂದ ಮಾನಿಟರುಗಳನ್ನು ಒಡೆದರು. ಗಾಜು ಒಡೆಯುವ ಸದ್ದು ಪಟಾಕಿಯ ಸರದ ಹಾಗಿತ್ತು. ನಂಜ ಪ್ರಿಂಟರನ್ನು ಒದ್ದ. ಅದು ಹಾಳೆಯ ಸಮೇತ ನೆಲಕ್ಕೆ ಬಿತ್ತು. ಒಂದು ರಾಡು ನನ್ನ ಭುಜಕ್ಕೆ ಬಿತ್ತು, ಒಳಗೆ ಮೂಳೆ ಮುರಿದದ್ದು ಕೇಳಿಸಿತು. ಯಾರೋ ಮುಖಕ್ಕೆ ಗುದ್ದಿದರು. ಬಾಯಲ್ಲಿ ಎರಡು ಹಲ್ಲು ಸಡಿಲವಾಗಿ ಹೊರಳಿದವು. ನಂಜ ನನ್ನ ಬಲಗೈಯನ್ನು ಎಳೆದು ಟೇಬಲ್ಲಿನ ಮೇಲೆ ಒತ್ತಿ ಹಿಡಿದ. ಇನ್ನೊಂದು ಕೈಯಲ್ಲಿ ಮಚ್ಚಿತ್ತು.

"ಯಾವ್ ಬೆರಳಲ್ಲಿ ಒತ್ತಿದ್ಲಾ? ತೋರ್ಸು. ಅದೊಂದ್ನೇ ತಕ್ಕೋತೀನಿ."

ನಾನು ತೋರಿಸಿದೆ. ಇದು ನನಗೆ ಯಾವ ಅನುಮಾನವೂ ಇಲ್ಲದೆ ನೆನಪಿದೆ. ಒತ್ತಿಲ್ಲ ಎನ್ನಲಿಲ್ಲ. ಬೆರಳು ಚಾಚಿ ತೋರಿಸಿದೆ.

ಆಗ ಬಾಗಿಲಲ್ಲಿ ಲೋಕೇಶನ ಹೆಂಡತಿ ಸುಜಾತ ಬಂದು ನಿಂತಳು. ಆಸ್ಪತ್ರೆಯಿಂದ ಓಡಿ ಬಂದಿದ್ದಳು, ಕಾಲಲ್ಲಿ ಚಪ್ಪಲಿ ಇರಲಿಲ್ಲ. "ಬುಡಿ ಭಾವ! ಅವ್ರಿಗೆ ಎಚ್ಚರ ಆಯ್ತು. ನಾನೇ ಎಸ್ರು ಆಕಿರ್ನಿಲ್ಲ, ಅವ್ರದೇನೂ ತಪ್ಪಿಲ್ಲ ಅಂತ ಏಳ್ತಾ ಅವ್ರೆ. ನೀವು ಜೈಲಿಗ್ ಓದ್ರೆ ಒಲ ಯಾರ್ ನೋಡ್ತಾರೆ, ನನ್ನೂ ನನ್ ಮಕ್ಳನ್ನೂ ಯಾರ್ ನೋಡ್ತಾರೆ?" ನಂಜ ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದ. ಆಮೇಲೆ ಮಚ್ಚನ್ನು ನನ್ನ ಬೆರಳಿನ ಪಕ್ಕದಲ್ಲೇ ಟೇಬಲ್ಲಿಗೆ ಹೊಡೆದು, ಅಲ್ಲೇ ಬಿಟ್ಟು ಹೋದ.

ಎಲ್ಲರೂ ಹೋದಮೇಲೆ ನೆಲದ ಮೇಲಿದ್ದ ಹಾಳೆ ನೋಡಿದೆ. ಅದರ ಮೇಲೆ ಚಪ್ಪಲಿಯ ಗುರುತು, ನನ್ನ ಬಾಯಿಯ ರಕ್ತ. ಕೊನೆಯಲ್ಲಿ ಎರಡು ಸಾಲು. ಮೊದಲ ಸಾಲು, ಲೋಕೇಶ. ಎರಡನೆಯದು, ಆನ್ ನಾಲ್ಕು. ಅದರ ಕೆಳಗೆ ಹಾಳೆ ಹರಿದಿತ್ತು.

ಮತ್ತೆ ಓದಿದೆ. ಹೆಸರು ಮೇಲಿತ್ತು, ಅಪ್ಪಣೆ ಕೆಳಗಿತ್ತು. ನನ್ನ ನೆನಪಿನಲ್ಲಿ ಅಪ್ಪಣೆ ಮೊದಲು, ಅದನ್ನು ತಡೆಯಲು ಬಂದ ಹೆಸರು ಆಮೇಲೆ. ಹಾಳೆ ಹೇಳುವುದು ಬೇರೆ. ಹೆಸರನ್ನು ನೋಡಿದೆ, ನೋಡಿದ ಮೇಲೆ ಟೈಪ್ ಮಾಡಿದೆ. ಎಂಟರ್ ಒತ್ತಿದ್ದರೆ ರಿಲೇ ಪೆಟ್ಟಿಗೆ ಮುಂದಿನ ಸಾಲಿನಲ್ಲಿ "ಆಯಿತು" ಎಂದು ಉತ್ತರ ಕೊಡುತ್ತಿತ್ತು. ಆ ಸಾಲು ಇರಬೇಕಾದ ಕಡೆ ಹಾಳೆ ಇಲ್ಲ. ನೆಲವನ್ನೆಲ್ಲ ಹುಡುಕಿದೆ. ಗಾಜಿನ ಚೂರುಗಳ ನಡುವೆ ಒಂದೇ ಕೈಯಲ್ಲಿ ತೆವಳಿಕೊಂಡು ಹುಡುಕಿದೆ. ಸಿಗಲಿಲ್ಲ.

ಪ್ರಿಂಟರ್ ರಿಪೇರಿ ಮಾಡುವ ಗೆಳೆಯನೊಬ್ಬನಿಗೆ ತೋರಿಸಿದೆ. ಎಂಟರ್ ಒತ್ತದೆ ಸಾಲು ಅಚ್ಚಾಗುವುದಿಲ್ಲ ಎಂದ. ಆಮೇಲೆ, ಒದ್ದಾಗ ಅದರ ಗುಂಡಿ ಒತ್ತಿಕೊಂಡರೆ ಒಳಗೆ ಉಳಿದದ್ದು ಅಚ್ಚಾಗಲೂಬಹುದು ಎಂದ. ಪುಟ್ಟಸ್ವಾಮಿಯನ್ನು ಪೊಲೀಸರು ಕೇಳಿದಾಗ, ಕೈ ಹೋದ ಕೂಡಲೇ ಫೋನ್ ಮಾಡಿದೆ ಎಂದನಂತೆ. ನನಗೆ ಹೇಳಿದ ಅರ್ಧ ಗಂಟೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಗಾಬರಿಯಲ್ಲಿ ಐದು ನಿಮಿಷವೂ ಅರ್ಧ ಗಂಟೆಯಾಗುತ್ತದೆ. ಸರ್ವರ್‌ನ ಸ್ವಿಚ್ ಆರಿಯೇ ಇತ್ತು ಎಂದು ಮಾತ್ರ ಎರಡೂ ಸಲ ಹೇಳಿದ.

ಇನ್ನೊಂದು ದಾರಿಯೂ ಇತ್ತು. ಪೆಟ್ಟಿಗೆಯ ಬ್ಯಾಟರಿ ತೀರಾ ಇಳಿದರೆ ನಾಲ್ಕನೆಯ ರಿಲೇ ತಾನಾಗಿ ಬಿಟ್ಟುಕೊಂಡು ಜನರೇಟರ್ ಶುರುವಾಗಬೇಕು, ಕೋಣೆ ಕತ್ತಲಾಗಬಾರದು ಎಂದು ವೈರನ್ನು ಹಾಗೆ ಜೋಡಿಸಿದ್ದೆ. ಜೋಡಿಸಿದವನು ನಾನೇ. ಜಾಣತನ ಎಂದುಕೊಂಡಿದ್ದೆ. ಅಂದು ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ಬ್ಯಾಟರಿ ಇಳಿದಿರಬಹುದು. ಯಾರೋ ಆರಿಸುವ ಮೊದಲು ಎಂಜಿನ್ ಎರಡು ನಿಮಿಷ ಓಡಿದ್ದರಿಂದ ಅದಕ್ಕೆ ಮತ್ತೆ ಜೀವ ಬಂದು, ನಾನು ಡಯಲ್ ಮಾಡಿದಾಗ ಉತ್ತರ ಕೊಟ್ಟಿರಬಹುದು. ಹಾಗಾದರೆ ನಾನು ಲೈನಿಗೆ ಬರುವ ಮೊದಲೇ ಅವನ ಕೈ ಹೋಗಿತ್ತು. ಕೊಯ್ದದ್ದು ನನ್ನ ವೈರು, ನನ್ನ ಬೆರಳಲ್ಲ.

ನನ್ನ ಇಕ್ಕಟ್ಟು ಏನೆಂದು ಈಗ ನಿಮಗೆ ಕಾಣುತ್ತಿರಬಹುದು. ಅಪ್ಪನ ಥರ್ಮಾಮೀಟರ್ ಹಿಡಿದು ನೋಡಿದರೆ ಎಲ್ಲಕ್ಕೂ ಸರಳ ವಿವರಣೆ ಇದೆ. ನೆಟ್ ನಿಂತದ್ದು ರೇಡಿಯೋ ಆರಿದ್ದರಿಂದ, ನಾನು ಡಯಲ್ ಮಾಡಿದಾಗ ಸರ್ವರ್ ತನ್ನ ಯುಪಿಎಸ್ ಬ್ಯಾಟರಿಯ ಮೇಲೆ ಇನ್ನೂ ಬದುಕಿತ್ತು. ಲೋಕೇಶ ಹೆಸರು ಹಾಕಿ, ಸ್ವಿಚ್ ಆರಿಸಿ ಕೆಳಗಿನ ಶೆಡ್ಡಿಗೆ ಇಳಿದ. ನಾನು ಆ ಹೆಸರನ್ನು ನೋಡಿದೆ, ಅವನು ಬೆಲ್ಟಿನೊಳಗೆ ಕೈ ಹಾಕುವಷ್ಟು ಹೊತ್ತು ಕಾದೆ, ಒತ್ತಿದೆ. ಆಮೇಲೆ ನನ್ನ ಮನಸ್ಸು ಎರಡು ಸಾಲುಗಳನ್ನು ಅದಲು ಬದಲು ಮಾಡಿಟ್ಟುಕೊಂಡಿತು. ಇದರಲ್ಲಿ ವಿಚಿತ್ರ ಯಾವುದೂ ಇಲ್ಲ. ಆದರೆ ಇದು ನಿಜವಾದರೆ ನಾನು ಕೊಲೆಗಾರನಷ್ಟೇ ಕೆಟ್ಟವನು. ಕಡಿದು ಬಿದ್ದ ಬೆರಳೊಂದು ಆರಿದ ಯಂತ್ರದಿಂದ ನನಗೆ ಎಚ್ಚರಿಕೆ ಕಳಿಸಿತು ಎಂದು ನಂಬಿದರೆ ಮಾತ್ರ ನಾನು ಒಳ್ಳೆಯವನು. ದೆವ್ವವನ್ನು ನಂಬದ ಮನುಷ್ಯನಿಗೆ ದೆವ್ವವೊಂದೇ ಸಾಕ್ಷಿ.

ಎಲ್ಲವೂ ನಿಂತಿರುವುದು ಲೋಕೇಶನ ಮಾತಿನ ಮೇಲೆ. ಅವನು ಹೆಸರು ಹಾಕಿರಲಿಲ್ಲ ಎನ್ನುವುದು ನಿಜವಾದರೆ ಹಾಳೆಯ ಮೇಲಿನ ಹೆಸರನ್ನು ಮನುಷ್ಯ ಯಾರೂ ಒತ್ತಿಲ್ಲ.

ನಾನು ಆ ಕೆಲಸ ಬಿಟ್ಟೆ. ಲೋಕೇಶನನ್ನು ನೋಡಲು ಧೈರ್ಯ ಬರುವುದಕ್ಕೆ ಐದಾರು ವರ್ಷ ಬೇಕಾಯಿತು. ಆಗ ಅವನು ಅರಕಲಗೂಡಿನ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರೀಚಾರ್ಜ್ ಅಂಗಡಿ ಇಟ್ಟಿದ್ದ. ನನ್ನನ್ನು ನೋಡಿ ನಕ್ಕ. "ಓಹೋ ಅಯ್ನೋರು! ಅಲ್ಲು ಕಟ್ಟಿಸ್ಕೊಂಡಂಗೈತೆ?" ಎಂದ. ಎಡಗೈಯಲ್ಲಿ ಗಿರಾಕಿಗಳ ನಂಬರನ್ನು ಪಟಪಟನೆ ಒತ್ತುತ್ತಿದ್ದ, ಬಲಗೈ ಇದ್ದ ಕಾಲಕ್ಕಿಂತ ವೇಗವಾಗಿ. ಟೀ ತರಿಸಿದ. ಸುಜಾತ ಚೆನ್ನಾಗಿದ್ದಾಳೆ, ದೊಡ್ಡ ಮಗಳು ಹಾಸನದಲ್ಲಿ ಓದುತ್ತಿದ್ದಾಳೆ ಎಂದ. ಅಂಗಡಿಯಲ್ಲಿ ಯಾರೂ ಇಲ್ಲದಾಗ ಕೇಳಿದೆ. ಅವತ್ತು ನೀನು ನಿಜವಾಗಿ ಹೆಸರು ಹಾಕಿದ್ದೆಯೋ ಇಲ್ಲವೋ.

ಅವನು ಮೊಂಡು ಕೈಯಿಂದ ಟೀ ಲೋಟವನ್ನು ಸ್ವಲ್ಪ ಅತ್ತ ಸರಿಸಿದ. ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಸಿಟ್ಟಿರಲಿಲ್ಲ. ಅಂಗಡಿಗೆ ಬಂದ ಗಿರಾಕಿಗೆ ಏನು ಬೇಕೆಂದು ತಿಳಿಯಲು ನೋಡುತ್ತಾರಲ್ಲ, ಹಾಗೆ ನೋಡಿದ.

"ಯಾವ್ದು ಬೇಕು ಏಳಿ ಸಾ," ಎಂದ. "ಆಕಿದ್ದೆ ಅಂದ್ರೆ ನಿಮ್ಗೆ ನಿದ್ದೆ ಬತ್ತದೋ, ಆಕಿರ್ನಿಲ್ಲ ಅಂದ್ರೆ ಬತ್ತದೋ? ನೀವೆಂಗಂತೀರೋ ಅಂಗೇ ಏಳ್ತೀನಿ. ನಂಗೇನು, ವೋಗಿರೋ ಕೈ ಬರಕಿಲ್ಲ."

ಹಾಕಿರಲಿಲ್ಲ ಎಂದು ಹೇಳು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಬ್ಬ ಗಿರಾಕಿ ಬಂದ. ಲೋಕೇಶ ಅವನ ನಂಬರ್ ಕೇಳಿ ಒತ್ತತೊಡಗಿದ. ಆ ಸಲ ಮಾತ್ರ, ಯಾಕೋ ತಿಳಿಯದು, ನಿಧಾನವಾಗಿ ಒತ್ತಿದ. ಒಂದು ಅಂಕಿ, ಉಸಿರು ಬಿಡುವಷ್ಟು ಹೊತ್ತು, ಇನ್ನೊಂದು. ಆಮೇಲೆ ಆ ದೊಡ್ಡ ಬಿಡುವು. ನಾನು ಮೂರನೆಯದಕ್ಕೆ ಕಾಯಲಿಲ್ಲ. ಹಾಸನದ ಬಸ್ಸು ಹೊರಡುತ್ತಿತ್ತು, ಓಡಿ ಹತ್ತಿದೆ.